ಅರಸನು ಬೇಡಿದ ಹಿಸ್ಸೋಪು



ಸೊಲೊಮೋನನು ಮರಗಿಡಗಳ ವಿಷಯ ಮಾತಾಡುತ್ತಿದ್ದನೆಂದು 1 ಅರಸುಗಳು 4ನೆಯ ಅಧ್ಯಾಯದಲ್ಲಿದೆ. ಅವನ ಮಾತು ಲೆಬನೋನಿನ ದೇವದಾರಿನಿಂದ ಹೊರಟು, ಗೋಡೆಯಲ್ಲಿ ಹುಟ್ಟುವ ಹಿಸ್ಸೋಪಿನವರೆಗೆ ಇಳಿಯುತ್ತದೆ. ಅದಕ್ಕಿಂತ ಕೆಳಗಿನ ಗಿಡ ಅವನಿಗೂ ಸಿಗಲಿಲ್ಲವೇನೋ!

ಈ ಗಿಡ ಒರಿಗಾನಮ್ ಸಿರಿಯಾಕಮ್ ಎಂದು ಬಲ್ಲವರಲ್ಲಿ ಹೆಚ್ಚಿನವರು ಹೇಳುತ್ತಾರೆ. ನಮ್ಮ ತುಳಸಿಯ ಕುಟುಂಬದ್ದು. ಆಳೆತ್ತರವೂ ಬೆಳೆಯದು, ಬೂದುಹಸಿರು ಎಲೆ, ಸಣ್ಣ ಬಿಳಿ ಹೂ, ಗಾಢ ಪರಿಮಳ. ಪ್ಯಾಲೆಸ್ತೀನ್, ಲೆಬನಾನ್‌ಗಳ ಒಣ ಬೆಟ್ಟಗಳಲ್ಲಿ ಕಲ್ಲಿನ ಸಂದಿಯೇ ಅದಕ್ಕೆ ಮನೆ. ಅಲ್ಲಿಯ ಜನ ಎಲೆ ಒಣಗಿಸಿ, ಎಳ್ಳು ಬೆರೆಸಿ, ಜಾತರ್ ಪುಡಿ ಮಾಡಿ ರೊಟ್ಟಿಯೊಡನೆ ತಿನ್ನುತ್ತಾರೆ.

ಐಗುಪ್ತದಿಂದ ಹೊರಡುವ ರಾತ್ರಿ ಮೋಶೆ ಹೇಳಿದ್ದು ಇದನ್ನೇ: ಒಂದು ಕಟ್ಟು ಹಿಸ್ಸೋಪನ್ನು ಕುರಿಮರಿಯ ರಕ್ತದಲ್ಲಿ ಅದ್ದಿ ಬಾಗಿಲಿಗೆ ಹಚ್ಚಿರಿ. ಎಲೆಯ ಮೇಲಿನ ನವಿರು ರೋಮ ದ್ರವವನ್ನು ಹಿಡಿದಿಡುತ್ತದೆ. ಕುಂಚವಾಗಲು ಅಷ್ಟು ಸಾಕು. ಗೆರಿಜೀಮ್ ಬೆಟ್ಟದ ಸಮಾರ್ಯದವರು ಇಂದಿಗೂ ಪಸ್ಕದಲ್ಲಿ ಇದನ್ನು ಬಳಸುತ್ತಾರೆ. ಐಗುಪ್ತದ ಆ ರಾತ್ರಿ ಯಾಜಕನು ಮನೆಮನೆಗೆ ಬರಲಿಲ್ಲ. ಮನೆಯವರೇ ಗಿಡ ತಂದು, ಕೈಯಾರೆ ಹಚ್ಚಬೇಕಿತ್ತು.

ಮುಂದೆ ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಕುಷ್ಠ ವಾಸಿಯಾದವನ ಶುದ್ಧೀಕರಣಕ್ಕೂ ಹಿಸ್ಸೋಪು ಬೇಕು. ಅರಣ್ಯಕಾಂಡದಲ್ಲಿ ಹೆಣ ಮುಟ್ಟಿದವನ ಮೇಲೆ ನೀರು ಚಿಮುಕಿಸುವುದಕ್ಕೂ ಅದೇ.

ಈಗ 51ನೆಯ ಕೀರ್ತನೆಗೆ ಬನ್ನಿ. ಬತ್ಷೆಬೆಯ ಪ್ರಕರಣದ ಮೇಲೆ ಪ್ರವಾದಿ ನಾತಾನನು ಬಂದು ಗದರಿಸಿದ ನಂತರ ದಾವೀದನು ಮಾಡಿದ ಪ್ರಾರ್ಥನೆ ಅದು. ದಾವೀದನು ವಾಸವಾಗಿದ್ದದ್ದು ದೇವದಾರಿನ ಅರಮನೆಯಲ್ಲಿ. 2 ಸಮುವೇಲ 7ರಲ್ಲಿ ಅವನೇ ಹಾಗೆನ್ನುತ್ತಾನೆ. ಆದರೆ ಪಾಪ ತೊಳೆಯಲು ಬೇಡಿದ್ದು ಹಿಸ್ಸೋಪನ್ನು, ಊರಾಚೆ ನಿಂತ ಕುಷ್ಠರೋಗಿಗೆ ಬಳಸುವ ಗಿಡವನ್ನು. ನನ್ನನ್ನೂ ಆ ಸಾಲಿನಲ್ಲಿ ನಿಲ್ಲಿಸು ಎಂದು ಅರಸನೊಬ್ಬ ಕೇಳುವುದು ಸಣ್ಣ ಮಾತಲ್ಲ. ನಾವಾದರೋ ತಪ್ಪು ಮಾಡಿದಾಗಲೂ ನಮ್ಮ ಅಂತಸ್ತಿಗೆ ತಕ್ಕ ಕ್ಷಮೆಯನ್ನು ಹುಡುಕುತ್ತೇವೆ: ದೊಡ್ಡ ಕಾಣಿಕೆ ಕೊಡುತ್ತೇವೆ, ಗೋಡೆಗೆ ಹೆಸರಿನ ಕಲ್ಲು ಹಾಕಿಸುತ್ತೇವೆ.

ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಹುಳಿರಸವನ್ನು ಮುಟ್ಟಿಸಿದ್ದು ಹಿಸ್ಸೋಪಿನ ಕೋಲಿನಿಂದ ಎಂದು ಬರೆದವನು ಯೋಹಾನನೊಬ್ಬನೇ. ಪಸ್ಕದ ರಾತ್ರಿಯನ್ನು ಅವನು ಮರೆತಿರಲಿಲ್ಲ.

ದಾವೀದನು ದೇವರ ಮುಂದೆ ಅತ್ತಾಗ ಬತ್ಷೆಬೆಯ ಗಂಡ ಊರೀಯನು ಸತ್ತಿದ್ದ; ಅವನ ಬಾಗಿಲು ತಟ್ಟಿ ತಪ್ಪಾಯಿತು ಎನ್ನುವ ಅವಕಾಶ ಅರಸನಿಗೆ ಉಳಿದಿರಲಿಲ್ಲ. ನೀವು ಅನ್ಯಾಯ ಮಾಡಿದವರು ಇನ್ನೂ ಬದುಕಿದ್ದರೆ, ಶುಭ ಶುಕ್ರವಾರದ ಆರಾಧನೆಗೆ ಬರುವ ಮುಂಚೆ ಅವರ ಮನೆಗೆ ಹೋಗಿ ಬನ್ನಿ.