'ಛೀ' ಎನ್ನುವ ಮುನ್ನ

ಏಳನೆಯ ತರಗತಿಗೆ ಶೀತವಲಯದ ಪಾಠ ಮಾಡುತ್ತಿದ್ದೆ. ರಷ್ಯದ ಉತ್ತರ ತುದಿಯ ಯಾಕೂತಿಯದಲ್ಲಿ ಜನ ಹಸಿ ಮೀನು ತಿನ್ನುತ್ತಾರೆ ಎಂದೆನಷ್ಟೆ, "ಛೀ!" ಎಂದು ಇಡೀ ತರಗತಿ ಮೂಗು ಮುಚ್ಚಿಕೊಂಡಿತು. ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನನಗೂ, ಮೊದಲು ಅದನ್ನು ಓದಿದಾಗ ಹಾಗೆಯೇ ಅನ್ನಿಸಿತ್ತು.

ಆ ಮೀನಿನ ಹೆಸರು ಚಿರ್. ಸಾಲ್ಮನ್ ಕುಲದ್ದು, ಉತ್ತರದ ತಣ್ಣೀರಿನ ನದಿ, ಸರೋವರಗಳಲ್ಲಿ ಬೆಳೆಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು, ಮಂಜುಗಡ್ಡೆಯ ಕೆಳಗೆ ಬಲೆ ಬಿಟ್ಟು ಹಿಡಿಯುತ್ತಾರೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ. ಮೇಲೆಳೆದ ಮೀನು ಬೇಗನೆ ಕೊರಡಾಗುತ್ತದೆ. ಅದರ ಚರ್ಮ ಸುಲಿದು, ನೆಟ್ಟಗೆ ನಿಲ್ಲಿಸಿ, ಹರಿತವಾದ ಚಾಕುವಿನಿಂದ ತೆಳ್ಳಗೆ ಹೆರೆಯುತ್ತಾರೆ. ಬಡಗಿ ಮರ ಹೆರೆದಾಗ ಸುರುಳಿ ಸುರುಳಿಯಾಗಿ ಬೀಳುವುದಿಲ್ಲವೇ, ಹಾಗೆ. ಇದಕ್ಕೆ ಸ್ತ್ರೊಗನೀನ ಎಂದು ಹೆಸರು. ಹೆರೆದದ್ದು ಎಂದೇ ಅರ್ಥ. ಕರಗುವ ಮೊದಲೇ ಉಪ್ಪು, ಮೆಣಸಿನ ಪುಡಿಗೆ ಅದ್ದಿ ತಿನ್ನಬೇಕು.

ಬೇಯಿಸಬಾರದೇ ಎನ್ನುತ್ತೀರಿ. ಬೇಯಿಸಿಯೂ ತಿನ್ನುತ್ತಾರೆ. ಆದರೆ ವರ್ಷದ ಬಹುಕಾಲ ನೆಲವೇ ಹೆಪ್ಪುಗಟ್ಟಿರುವಲ್ಲಿ, ಅಂಗಡಿಗಳೂ ಇಲ್ಲದಿದ್ದ ಕಾಲದಲ್ಲಿ, ಸೊಪ್ಪು ತರಕಾರಿ ಎಲ್ಲಿಂದ ಬರಬೇಕಿತ್ತು? ಧ್ರುವವೃತ್ತದಾಚೆ ಚಳಿಗಾಲದಲ್ಲಿ ಸೂರ್ಯ ಕೆಲವು ವಾರ ಮುಖವನ್ನೇ ತೋರಿಸುವುದಿಲ್ಲ. ಬಿಸಿಲು ಕೊಡಬೇಕಾದ 'ಡಿ' ಜೀವಸತ್ವವನ್ನು ಅಲ್ಲಿ ಕೊಬ್ಬಿರುವ ಮೀನು ಕೊಡುತ್ತದೆ. ಬೇಯಿಸಿದರೆ ಬಹಳಷ್ಟು ನಷ್ಟವಾಗುವ 'ಸಿ' ಜೀವಸತ್ವ ಮೀನಿನ ಹಸಿ ಮೊಟ್ಟೆಯಲ್ಲಿ ಉಳಿದಿರುತ್ತದೆ. ನಮಗೆ ನಿಂಬೆಹಣ್ಣು, ಸೊಪ್ಪು, ಅಂಗಳದ ಬಿಸಿಲು ಮಾಡುವ ಉಪಕಾರವನ್ನು ಅವರಿಗೆ ಮೀನು ಮಾಂಸಗಳೇ ಮಾಡಬೇಕಿತ್ತು.

ಇಷ್ಟನ್ನು ಮಕ್ಕಳಿಗೆ ಹೇಳುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಶಾಲೆಗಳಿಗೆ ಬಿಸಿಯೂಟ ಬರುವ ಮೊದಲಿನ ಮಾತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕರಾವಳಿಯಿಂದ ಬಂದ ಹುಡುಗಿಯೊಬ್ಬಳು ಬುತ್ತಿಯಲ್ಲಿ ಒಣಮೀನಿನ ಚಟ್ನಿ ತಂದಿದ್ದಳು. "ಹೊರಗೆ ಹೋಗಿ ತಿನ್ನು, ನಾಳೆಯಿಂದ ಇದನ್ನೆಲ್ಲ ತರಬೇಡ" ಎಂದಿದ್ದೆ. ಮಾರನೆಯ ದಿನ ಅವಳು ಬುತ್ತಿಯನ್ನೇ ತರಲಿಲ್ಲ. ನಲ್ಲಿಯ ನೀರು ಕುಡಿದು ಬಂದು ಕುಳಿತಳು. ನಾನು ನೋಡಿಯೂ ನೋಡದಂತೆ ಇದ್ದೆ.

ಒಂದು ವಾಸನೆ ನಮಗೆ ಸೇರದಿದ್ದರೆ ಅದು ತಪ್ಪಲ್ಲ. ನಾನು ಇಂದಿಗೂ ಮೀನು ತಿನ್ನುವವಳಲ್ಲ. ತಿನ್ನಲೇಬೇಕೆಂದೂ ಯಾರೂ ಹೇಳುವುದಿಲ್ಲ. ಆದರೆ ನನಗೆ ಸೇರದ್ದೆಲ್ಲ ಹೊಲಸು ಎಂದು ತೀರ್ಮಾನಿಸಿ, ಇನ್ನೊಬ್ಬರ ಮಗುವನ್ನು ಹಸಿದಿರಿಸುವ ಅಧಿಕಾರ ನನಗೆ ಯಾರು ಕೊಟ್ಟರು? ದೂರದ ಯಾಕೂತಿಯದವರ ಊಟಕ್ಕೆ ಕಾರಣ ಹುಡುಕಿ ಓದಿದ ನಾನು, ಎದುರಿಗಿದ್ದ ಹುಡುಗಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಆ ದಿನ ಮಕ್ಕಳಿಗೆ ಮೀನಿನ ಕಥೆಯನ್ನಷ್ಟೇ ಹೇಳಿದೆ. ನನ್ನ ಕಥೆ ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.