ಬಾಗಿಲನ್ನು ಉಜ್ಜಬೇಕೋ, ಹೊಸ್ತಿಲನ್ನು ನೋಡಬೇಕೋ?



ಸಭೆಯಿಂದ ಹೊರಗಾದ ಒಬ್ಬನು ಮನಸ್ತಿರುಗಿಕೊಂಡು ಮರಳಿ ಬಂದರೆ ಅವನನ್ನು ಯಾವ ಪ್ರಕಾರ ಸೇರಿಸಿಕೊಳ್ಳತಕ್ಕದ್ದೆಂಬ ಪ್ರಶ್ನೆಯು ನಮ್ಮ ಹಳ್ಳಿಯ ಸಭೆಗಳಲ್ಲಿ ಮೇಲಿಂದ ಮೇಲೆ ಏಳುತ್ತದೆ. ಸೇರಿಸಿಕೊಳ್ಳಬೇಕೋ ಬಾರದೋ ಎಂಬದರಲ್ಲಿ ಹೆಚ್ಚು ವಾದವಿಲ್ಲ. ತಪ್ಪಿಹೋದ ಕುರಿಯ ಸಾಮ್ಯವನ್ನು ಕೇಳಿ ಬೆಳೆದವರು ನಾವು. ವಾದವು ಹುಟ್ಟುವದು ಆ ಮೇಲೆ. ಹಿರಿಯರ ಕೂಟದಲ್ಲಿ ತೀರ್ಮಾನವಾಗಿ, ಪ್ರಾರ್ಥನೆಯಾಗಿ, ಬಲಗೈ ಕೊಟ್ಟು ಸೇರಿಸಿಕೊಂಡ ಎರಡು ಮೂರು ಆದಿತ್ಯವಾರಗಳ ತರುವಾಯ, ಅವನು ತನ್ನ ಸ್ಥಳದಲ್ಲಿ ಸರಿಯಾಗಿ ಕೂಡುವದಿಲ್ಲವೆಂದು ಎಲ್ಲರಿಗೂ ತೋರುತ್ತದೆ. ಅವನು ಕೂತ ಚಾಪೆಯ ಮೇಲೆ ನಾಲ್ಕು ಮಂದಿಯ ಎಡೆ ಬರಿದಾಗಿ ಉಳಿಯುತ್ತದೆ. ಅವನು ಪ್ರಾರ್ಥನೆಗೆ ಬಾಯಿ ತೆರೆದರೆ ಒಬ್ಬಿಬ್ಬರು ಕೆಮ್ಮುತ್ತಾರೆ. ಆಗ ಜನರು, "ಅವನು ಇನ್ನೂ ಸರಿಯಾಗಿಲ್ಲ" ಅನ್ನುತ್ತಾರೆ. ಸರಿಯಾಗಬೇಕಾದವನು ಅವನೊಬ್ಬನೇ ಏನು?

ಇದನ್ನು ಈ ಸಾರಿ ಒಂದು ಹಳೇ ಮೋಟಾರಿನ ಬಾಗಿಲ ಬಳಿ ನಿಂತು ವಿಚಾರಿಸೋಣ. ಮೋಟಾರಿನ ಮಾತು ಸಭಾಪತ್ರಿಕೆಗೆ ತಕ್ಕದ್ದಲ್ಲವೆಂದು ಯಾರಾದರೂ ಅಂದಾರು. ನಮ್ಮ ಕರ್ತನು ನೊಗ, ಬಲೆ, ಹಳೇ ಬಟ್ಟೆಯ ತೇಪೆ ಇವುಗಳ ಮಾತೆತ್ತುವದಕ್ಕೆ ನಾಚಲಿಲ್ಲ.

ಲೋಕಾಪುರವು ಬಾಗಲಕೋಟೆಯಿಂದ ಮುಧೋಳಕ್ಕೆ ಹೋಗುವ ದಾರಿಯ ಮೇಲಿನ ಊರು. ಇಂಥ ಊರುಗಳಲ್ಲಿ ಒಂದು ಕಾಲಕ್ಕೆ ಮೋಟಾರೆಂದರೆ ಅಂಬಾಸಿಡರ್. ಕಲಕತ್ತೆಯ ಹತ್ತರ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪನಿಯವರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ತಳಹದಿಯಾಗಿಟ್ಟುಕೊಂಡು ಇದನ್ನು 1950ರ ದಶಕದ ಕೊನೆಯಲ್ಲಿ ಕಟ್ಟಲಾರಂಭಿಸಿ 2014ರಲ್ಲಿ ನಿಲ್ಲಿಸಿದರು. ಮದುವೆಯ ಮದುಮಕ್ಕಳೂ ಹೆರಿಗೆಯ ಹೆಣ್ಣುಮಕ್ಕಳೂ ಅಧಿಕಾರಿಗಳೂ ಅದೇ ಬಾಗಿಲಿನಿಂದ ಹತ್ತಿ ಇಳಿದರು. ಈಗ ಅಂಥ ಗಾಡಿಯನ್ನು ಇಟ್ಟುಕೊಂಡವನು ಲಾಭಕ್ಕಾಗಿ ಇಟ್ಟುಕೊಂಡವನಲ್ಲ. ಅದನ್ನು ಮೊದಲಿನಂತೆ ಮಾಡಿಸಬೇಕೆಂಬ ಆಶೆಯುಳ್ಳವನು ಅದನ್ನು ಮಿಸ್ತ್ರಿಯ ಬಳಿಗೆ ತರುತ್ತಾನೆ. ಮಿಸ್ತ್ರಿಯು ನಾಲ್ಕೂ ಬಾಗಿಲುಗಳನ್ನು ಬಿಜಾಗರಿಗಳಿಂದ ಕಳಚಿ, ಗಾಜುಗಳನ್ನು ತೆಗೆದು, ತಗಡನ್ನು ಕೆರೆದು ನೋಡುತ್ತಾನೆ. ಕಳಚುವದು ಒಂದೆರಡು ದಿವಸದ ಕೆಲಸ. ಕಳಚಿದ್ದನ್ನು ಕೂಡಿಸುವದರಲ್ಲಿಯೇ ಮನುಷ್ಯನ ತಾಳ್ಮೆಯು ಗೊತ್ತಾಗುತ್ತದೆ.

ಯಾಕಂದರೆ ಈ ಗಾಡಿಗೆ ಲಾರಿಗೆ ಇರುವ ಹಾಗೆ ಕೆಳಗೆ ಬೇರೆ ಉಕ್ಕಿನ ಚೌಕಟ್ಟು ಇಲ್ಲ. ನೆಲ, ಕಂಬ, ಮೇಲ್ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಒಂದನ್ನೊಂದು ಹೊರುತ್ತವೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೊಳ್ಳಾದ ತಗಡಿನ ತೊಲೆಯುಂಟು. ಅದನ್ನು ಗಾಡಿಯ ಹೊಸ್ತಿಲು ಎನ್ನೋಣ. ಮಳೆಯ ನೀರೂ ಕೆಸರೂ ಅದರೊಳಗೆ ನಿಂತು ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ನೆಟ್ಟಗೆ ಕಾಣುತ್ತಿರುವಾಗಲೇ ಒಳಗೆ ಅದು ಹಪ್ಪಳದಂತೆ ಆಗಿರುತ್ತದೆ. ಬಾಗಿಲುಗಳನ್ನು ಕಳಚಿದ ಮೇಲೆ, ಯಾವ ಆಧಾರವನ್ನೂ ಕೊಡದೆ ಆ ಹೊಸ್ತಿಲನ್ನು ಕೊಯ್ದರೆ ಗಾಡಿಯ ನಡುವು ತನ್ನ ಭಾರದಿಂದಲೇ ಬಗ್ಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಒಂದು ಬೆರಳಿನ ಅರ್ಧವೂ ಅಲ್ಲ. ಆದರೂ ಬಾಗಿಲನ್ನು ತಿರುಗಿ ಕೂಡಿಸ ಹೋದರೆ ಮೇಲಿನ ಮೂಲೆ ತಾಗುತ್ತದೆ, ಕೆಳಗಿನ ಮೂಲೆಯಲ್ಲಿ ಬೆಳಕು ಕಾಣುತ್ತದೆ. ಹತ್ತಾರು ವರುಷ ಅದೇ ಸ್ಥಳದಲ್ಲಿ ಮುಚ್ಚಿ ತೆರೆದ ಬಾಗಿಲೇ ಅದು!

ಇಲ್ಲಿ ಅರಿಯದ ಕೆಲಸಗಾರನು ಏನು ಮಾಡುತ್ತಾನೆ? ಕೈಗೆ ಸಿಕ್ಕಿದ್ದು ಬಾಗಿಲೇ ಆದದರಿಂದ ಬಾಗಿಲನ್ನೇ ಉಜ್ಜುತ್ತಾನೆ, ಬಡಿಯುತ್ತಾನೆ, ಬಗ್ಗಿಸುತ್ತಾನೆ. ಎರೆ ಭೂಮಿಯಲ್ಲಿ ಮನೆ ಕಟ್ಟಿಕೊಂಡ ನಮ್ಮವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ಉಬ್ಬಿ ಗೋಡೆ ಎದ್ದು ಬಾಗಿಲು ಹಿಡಿದುಕೊಳ್ಳುತ್ತದೆ. ಬಡಿಗನನ್ನು ಕರೆದು ಬಾಗಿಲನ್ನು ಕೆತ್ತಿಸಿದರೆ, ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಬಿರಿದಾಗ ಅದೇ ಬಾಗಿಲ ಸಂದಿಯಿಂದ ಬೆಕ್ಕು ನುಗ್ಗುತ್ತದೆ. ತಪ್ಪು ಬುನಾದಿಯದು, ಪೆಟ್ಟು ಬಾಗಿಲಿಗೆ.

ತಿಳಿದ ಮಿಸ್ತ್ರಿಯಾದರೋ ಹೊಸ್ತಿಲನ್ನು ಮುಟ್ಟುವ ಮೊದಲೇ ಬಾಗಿಲ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಸಲಾಕಿಗಳನ್ನು ಬೆಸೆದಿಡುತ್ತಾನೆ. ಕೆಲವರು ಬಾಗಿಲನ್ನು ಅಲ್ಲಿಯೇ ಬಿಟ್ಟು, ಅದರ ಸಂದಿಯನ್ನು ನೋಡುತ್ತ ನೋಡುತ್ತ ಕೊಯ್ಯುತ್ತಾರೆ. ಅಂದರೆ ಬಾಗಿಲೇ ಅಳತೆಗೋಲು. ಅದು ಕೂಡದೆ ಹೋದರೆ ಮೊದಲು ವಿಚಾರಿಸಲ್ಪಡುವದು ನೆಲವೂ ಕಂಬವೂ.

ಸಹೋದರರೇ, ಒಬ್ಬನು ಎರಡು ವರುಷ ಸಭೆಯಿಂದ ಹೊರಗಿದ್ದನೆಂದರೆ ಆ ಎರಡು ವರುಷ ಸಭೆಯು ಇದ್ದ ಹಾಗೆಯೇ ಇತ್ತೇನು? ಅವನ ಭಾರವು ತೆಗೆಯಲ್ಪಟ್ಟಾಗ ಸಭೆಯೂ ಒಂದು ಕಡೆಗೆ ವಾಲಿರುತ್ತದೆ. ಅವನ ಹೆಸರಿಲ್ಲದೆ ಮಾತಾಡುವ ರೂಢಿ ಬಿದ್ದಿರುತ್ತದೆ. ಅವನ ಕೆಲಸವನ್ನು ಹಿಡಿದುಕೊಂಡವನಿಗೆ ಅದನ್ನು ಬಿಡಲು ಮನಸ್ಸಿರುವದಿಲ್ಲ. ಅವನ ಪಾಪವನ್ನು ನೆನಸಿಕೊಂಡು ನಾವು ಒಳ್ಳೇವರೆಂದು ಎಣಿಸಿಕೊಳ್ಳುವ ಸುಖವೂ ಕೆಲವರಿಗೆ ಸಿಕ್ಕಿರುತ್ತದೆ; ಇದೇ ಹೊಸ್ತಿಲೊಳಗಿನ ತುಕ್ಕು. ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಅಪೊಸ್ತಲನು ದೋಷದಲ್ಲಿ ಸಿಕ್ಕಿದವನನ್ನು ತಿದ್ದಿ ಸರಿಮಾಡುವ ವಿಷಯ ಹೇಳುವಾಗ ಉಪಯೋಗಿಸಿದ ಗ್ರೀಕ್ ಮಾತು, ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕೂತು ಬಲೆಗಳನ್ನು ಸರಿಮಾಡುತ್ತಿದ್ದರೆಂದು ಮತ್ತಾಯನು ಬರೆದಲ್ಲಿ ಬರುವ ಮಾತೇ ಆಗಿದೆ. ಬಲೆಯ ಹರಿದ ಕಣ್ಣನ್ನು ಕಟ್ಟುವವನು ಹರಿದ ದಾರವನ್ನು ಮಾತ್ರ ಹಿಡಿಯುವದಿಲ್ಲ, ಸುತ್ತಲಿನ ಗಟ್ಟಿ ದಾರಗಳನ್ನೂ ಎಳೆದು ನೋಡುತ್ತಾನೆ. ಅದೇ ವಾಕ್ಯದಲ್ಲಿ ಪೌಲನು, ತಿದ್ದುವವನು ತನ್ನ ವಿಷಯದಲ್ಲಿಯೂ ಎಚ್ಚರವಾಗಿರಬೇಕೆಂದು ಕೂಡಿಸಿದ್ದು ಸುಮ್ಮನೆ ಅಲ್ಲ.

ಇದರಲ್ಲಿ ನಮ್ಮ ಸೀಮೆಯವರಿಗೆ ವಿಶೇಷವಾದ ಭಾರವಿದೆ. ಬಾಸೆಲ್ ಮಿಶನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಗೊಂಡ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವನು ತನ್ನ ಜಾತಿಯನ್ನೂ ಬಂಧುಗಳನ್ನೂ ಕಳೆದುಕೊಳ್ಳುವದು ಸಾಮಾನ್ಯವಾಗಿತ್ತು. ಸಭೆಯೇ ಅವನಿಗೆ ಓಣಿ, ಸಭೆಯೇ ಬಳಗ. ಅಂಥವನು ಸಭೆಯಿಂದಲೂ ಹೊರಗಾದರೆ ಹೋಗತಕ್ಕ ಮನೆ ಯಾವದು? ಊರ ದೊಡ್ಡ ಸಭೆಯಲ್ಲಿ ಒಬ್ಬನು ಮುನಿಸಿಕೊಂಡರೆ ಇನ್ನೊಂದು ಗುಡಿಗೆ ಹೋದಾನು. ಹದಿನೈದು ಮನೆಗಳ ಸಭೆಯಲ್ಲಿ ಸರಿಯಾಗಿ ಕೂಡಿಸಲ್ಪಡದವನು ದೇವರನ್ನೇ ಬಿಟ್ಟು ಹೋಗುತ್ತಾನೆ. ಅವನ ಮಕ್ಕಳೂ ಅವನ ಹಿಂದೆ ಹೋಗುತ್ತಾರೆ.

ಹಾಗಾದರೆ ತಪ್ಪೆಲ್ಲಾ ಸಭೆಯದು, ಪಾಪಿಯು ನಿರ್ದೋಷಿಯೋ ಎಂದು ಕೇಳುವವರಿರುವರು. ಹಾಗಲ್ಲ. ಬಾಗಿಲೂ ಕೊಳೆತಿರಬಹುದು. ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕು ತಿಂದಿದ್ದರೆ ಹೊಳೆಯುವ ಗಟ್ಟಿ ತಗಡು ಕಾಣುವ ತನಕ ಕೊಯ್ದು ಹೊಸ ತುಂಡನ್ನು ಬೆಸೆಯಬೇಕು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದೆರಡು ಮಳೆಗಾಲಗಳೊಳಗೆ ಅದು ಗುಳ್ಳೆಯೆದ್ದು ಕಳಚುತ್ತದೆ. ಸಭೆಯ ಹಣವನ್ನು ತಿಂದವನು ಕಣ್ಣೀರಿಟ್ಟ ಮಾತ್ರಕ್ಕೆ ಸಾಲದು. ಜಕ್ಕಾಯನು ಎದ್ದು ನಿಂತು ಲೆಕ್ಕ ಹೇಳಿದ ಹಾಗೆ ಲೆಕ್ಕ ಹೇಳಬೇಕು. ಅವನನ್ನು ಕರ್ತನ ಭೋಜನಕ್ಕೆ ಕರೆಯುವದು ಒಂದು ಮಾತು, ಹಣದ ಪೆಟ್ಟಿಗೆಯ ಕೀಲಿಕೈಯನ್ನು ಅವನ ಕೈಗೆ ಕೊಡುವದು ಇನ್ನೊಂದು. ಮೊದಲನೆಯದು ಅವನಿಗೆ ಸಲ್ಲತಕ್ಕದ್ದು. ಎರಡನೆಯದನ್ನು ಅವನ ಆತ್ಮದ ಹಿತಕ್ಕಾಗಿಯೇ ಕೊಡದಿರುವದು ಲೇಸೆಂದು ನಮ್ಮ ಅಭಿಪ್ರಾಯ.

ಕೂಡಿಸುವ ಕ್ರಮದಲ್ಲಿಯೂ ಒಂದು ವಿವೇಕವುಂಟು. ಬಣ್ಣ ಹೊಡೆಯುವ ಮೊದಲು ಗಾಜು, ರಬ್ಬರು, ಒಳಹೊದಿಕೆ ಏನೂ ಇಲ್ಲದ ಬರೀ ಬಾಗಿಲನ್ನು ತೂಗಹಾಕಿ ನೋಡುತ್ತಾರೆ. ಅದರಲ್ಲಿ ಹಿಂದಿನ ಬಾಗಿಲು ಮೊದಲು. ಯಾಕಂದರೆ ಗಾಡಿಯ ಹಿಂಭಾಗವು ಬೆಸೆದು ನಿಂತದ್ದು, ಅದನ್ನು ಸರಿಸಲಾಗದು. ಹಿಂದಿನ ಬಾಗಿಲು ಅದಕ್ಕೆ ಹೊಂದಬೇಕು, ಮುಂದಿನ ಬಾಗಿಲು ಹಿಂದಿನದಕ್ಕೆ, ಚಕ್ರದ ಮೇಲಿನ ತಗಡು ಮುಂದಿನ ಬಾಗಿಲಿಗೆ. ಸರಿಸಬಹುದಾದದ್ದು ಸರಿಸಲಾಗದ್ದಕ್ಕೆ ಹೊಂದಿಕೊಳ್ಳುತ್ತ ಬರಬೇಕು. ದೇವರ ವಾಕ್ಯವು ಸರಿಸಲಾಗದ್ದು. ಸಭೆಯ ರೂಢಿಗಳು, ಕೂಡ್ರುವ ಸ್ಥಳಗಳು, ಹಿರಿಯರ ಮಾನ ಇವೆಲ್ಲಾ ಬೋಲ್ಟು ಸಡಲಿಸಿ ಸರಿಸಬಹುದಾದವುಗಳೇ. ಅನೇಕರು ಇದನ್ನು ತಿರುಗುಮುರುಗು ಮಾಡಿಕೊಂಡಿದ್ದಾರೆ.

ಇನ್ನೊಂದು ಸುಲಭದ ಉಪಾಯವನ್ನು ಕೆಲವು ಮಿಸ್ತ್ರಿಗಳು ಮಾಡುತ್ತಾರೆ. ಬಿಜಾಗರಿಯ ಮೊಳೆ ಸವೆದು ಬಾಗಿಲು ಜೋತುಬಿದ್ದರೆ, ಬಿಜಾಗರಿಯನ್ನು ಮುಟ್ಟದೆ, ಚಿಲಕವು ಕಚ್ಚುವ ಪಟ್ಟಿಯನ್ನು ಸ್ವಲ್ಪ ಸರಿಸಿಬಿಡುತ್ತಾರೆ. ಮುಚ್ಚುವಾಗ ಆ ಪಟ್ಟಿಯೇ ಬಾಗಿಲನ್ನು ಎತ್ತಿ ಹಿಡಿಯುತ್ತದೆ. ಮುಚ್ಚಿದ ಬಾಗಿಲು ಚೆಂದ ಕಾಣುತ್ತದೆ. ತೆರೆದ ಕೂಡಲೆ ತಿರುಗಿ ಜೋತುಬೀಳುತ್ತದೆ. ಆದಿತ್ಯವಾರದ ಆರಾಧನೆಯ ಒಂದು ತಾಸು ಮಾತ್ರ ಅವನನ್ನು ಎತ್ತಿ ಹಿಡಿದು ಸೋಮವಾರ ಬಾವಿಯ ಕಟ್ಟೆಯ ಮೇಲೆ ಮುಖ ತಿರುವುವ ಸಭೆಗಳು ಇದನ್ನು ಯೋಚಿಸಲಿ.

ಗಾಜಿನ ವಿಷಯ. ಮುಂದಿನ ದೊಡ್ಡ ಗಾಜನ್ನು ಕೂಡಿಸುವದು ಒಬ್ಬನಿಂದಾಗದು. ಗಾಜಿನ ಸುತ್ತಲೂ ರಬ್ಬರನ್ನು ತೊಡಿಸಿ, ರಬ್ಬರಿನ ಗಾಳಿಯಲ್ಲಿ ಒಂದು ಹುರಿಯನ್ನು ಸುತ್ತಿ, ಸಾಬೂನಿನ ನೀರು ಹಚ್ಚಿ, ಹೊರಗಿನಿಂದ ಒಬ್ಬನು ಅಂಗೈಯಿಂದ ಒತ್ತುತ್ತಿರುವಾಗ ಒಳಗಿನಿಂದ ಇನ್ನೊಬ್ಬನು ಹುರಿಯನ್ನು ಮೆಲ್ಲಗೆ ಎಳೆಯುತ್ತಾನೆ. ರಬ್ಬರಿನ ತುಟಿಯು ತಗಡಿನ ಅಂಚನ್ನು ದಾಟಿ ಒಳಗೆ ಕೂಡುತ್ತದೆ. ಬಾಗಿಲಿನ ಗಾಜು ಬೇರೆ ತರದ್ದು. ಅದು ಇಳಿದು ಏರಬೇಕಾದದರಿಂದ ಅದರ ಬದಿಯಲ್ಲಿ ಎಷ್ಟಾದರೂ ನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ. ಇದನ್ನು ಬಲ್ಲ ಕಾರ್ಖಾನೆಯವರು ಬಾಗಿಲ ಕೆಳ ಅಂಚಿನಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಹೊಸ ಬಣ್ಣದ ಅಂದಕ್ಕಾಗಿ ಆ ತೂತುಗಳನ್ನು ಪುಟ್ಟಿಯಿಂದ ಮುಚ್ಚಿದವನು ಬಾಗಿಲನ್ನು ಒಳಗಿನಿಂದ ಕೊಳೆಯಿಸುತ್ತಾನೆ. ಮರಳಿ ಬಂದವನ ಮನಸ್ಸಿನಲ್ಲಿಯೂ ನಾಚಿಕೆ, ಶೋಧನೆ, ಹಳೇ ಗೆಳೆಯರ ಕರೆ ಇವು ಇಳಿಯದೆ ಇರವು. ಅದನ್ನು ಯಾರ ಮುಂದಾದರೂ ಹೇಳಿಕೊಂಡು ಹೊರಗೆ ಬಿಡುವದಕ್ಕೆ ಅವನಿಗೆ ಒಂದು ಎಡೆ ಬೇಕು. ಅವನು ಬಾಯಿ ಬಿಟ್ಟದ್ದೇ ತಡ, "ನೋಡಿರಿ, ತಿರುಗಿ ಜಾರಿದ" ಎಂದು ಊರೆಲ್ಲಾ ಸಾರಿದರೆ ಮುಂದೆ ಅವನು ಬಾಯಿ ಮುಚ್ಚಿಕೊಂಡೇ ಕೊಳೆಯುವನು.

ಪೌಲನು ಓಡಿಹೋದ ದಾಸನಾದ ಒನೇಸಿಮನನ್ನು ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸಿದಾಗ ಅವನನ್ನು ಹಳೇ ಸ್ಥಳಕ್ಕೇ ಕೂಡಿಸೆಂದು ಬರೆಯಲಿಲ್ಲ. ದಾಸನಿಗಿಂತ ಹೆಚ್ಚಾಗಿ, ಪ್ರಿಯ ಸಹೋದರನಾಗಿ ಸೇರಿಸಿಕೋ ಎಂದು ಕೇಳಿಕೊಂಡನು. ಬಂದವನು ಹೊಂದಬೇಕಾದರೆ ಫಿಲೆಮೋನನ ಮನೆಯೇ ಬದಲಾಗಬೇಕಾಗಿತ್ತು. ಒನೇಸಿಮನು ತೀರಿಸಬೇಕಾದ ಸಾಲವಿದ್ದರೆ ತನ್ನ ಲೆಕ್ಕಕ್ಕೆ ಹಾಕೆಂದೂ ಬರೆದನು. ಇಳಿದುಕೊಳ್ಳಲು ತನಗೂ ಒಂದು ಬಿಡಾರವನ್ನು ಸಿದ್ಧಮಾಡಿಡೆಂದು ಕಡೆಯಲ್ಲಿ ಸೇರಿಸಿದನು. ಬಂದು ನೋಡುವವನಿದ್ದಾನೆಂಬದು ಫಿಲೆಮೋನನಿಗೆ ತಿಳಿದಿರಬೇಕಲ್ಲಾ.

ಎಲ್ಲಾ ಮುಗಿದು ಹೊಸ ರಬ್ಬರು ಅಂಟಿಸಿದ ದಿವಸ ಬಾಗಿಲು ಬಿರುಸಾಗಿರುತ್ತದೆ. ಸಂದಿಗಳು ಸರಿಯಿದ್ದರೂ ಮುಚ್ಚಿದಾಗ ಸ್ವಲ್ಪ ಹೊರಕ್ಕೆ ಉಬ್ಬಿಕೊಂಡು ನಿಲ್ಲುತ್ತದೆ. ಆತುರಗಾರನು ಅಂದೇ ತಿರುಗಿ ಬಿಜಾಗರಿ ಬಿಚ್ಚುತ್ತಾನೆ. ಅರಿತವನು ಬಾಗಿಲನ್ನು ಮುಚ್ಚಿಟ್ಟು ಕೆಲವು ವಾರ ಕಾಯುತ್ತಾನೆ. ರಬ್ಬರು ಮೆಲ್ಲಗೆ ಅದುಮಿಕೊಂಡು ತನ್ನ ಸ್ಥಳವನ್ನು ಕಂಡುಕೊಳ್ಳುತ್ತದೆ. ನಮ್ಮ ಕೆಲವು ಸಭೆಗಳಲ್ಲಿ ಮರಳಿ ಬಂದವನ ಸಂಗಡ ಮೊದಲ ಕೆಲವು ತಿಂಗಳು ಆರಾಧನೆಗೆ ಹೋಗಿಬರುವದಕ್ಕೂ ಅವನ ಮನೆಯಲ್ಲಿ ಕೂತು ಊಟಮಾಡುವದಕ್ಕೂ ಹಿರಿಯರಲ್ಲಿ ಒಬ್ಬರನ್ನು ನೇಮಿಸುವ ಪದ್ಧತಿಯಿದ್ದರೆ, ಅದು ಹೇಗೆ ನಡೆದಿದೆ, ಎಷ್ಟು ಕಾಲ ನಡೆಸಿದಿರಿ ಎಂಬದನ್ನು ಹೆಸರುಗಳನ್ನು ಬಿಟ್ಟು ನಮಗೆ ಬರೆದು ತಿಳಿಸಬೇಕಾಗಿ ಕೇಳಿಕೊಳ್ಳುತ್ತೇವೆ. ಬಂದ ಕಾಗದಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುವೆವು.