ಒಂದು ಪಿಕ್ಸೆಲಿನಷ್ಟು ಮೂಗುತಿ

1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಎಂಬುವರು ತಮ್ಮ ಮೂರು ತಿಂಗಳ ಕೂಸಿನ ಪುಟ್ಟ ಫೋಟೋವೊಂದನ್ನು ತಿರುಗುವ ಉರುಳೆಗೆ ಸುತ್ತಿ, ಅದನ್ನು ಬೆಳಕು ನೆರಳಿನ ಚೂರುಗಳಾಗಿ ಕಂಪ್ಯೂಟರಿಗೆ ಉಣಿಸಿದರು. ಅಡ್ಡಕ್ಕೆ 176, ಉದ್ದಕ್ಕೆ 176, ಅಷ್ಟೇ ಚೌಕಗಳು. ಇವತ್ತು ನಮ್ಮ ಜೇಬಿನ ಫೋನು ಒಂದು ಕ್ಲಿಕ್ಕಿಗೆ ಅದರ ನಾನೂರು ಪಟ್ಟು ಹಿಡಿದುಬಿಡುತ್ತದೆ. ಆದರೂ ಸ್ಕ್ಯಾನ್ ಆದ ಆ ಮೊಟ್ಟಮೊದಲ ಫೋಟೋವನ್ನು ನೋಡುತ್ತ ಕೂತರೆ, ಕೆನ್ನೆಯ ದುಂಡು, ಇನ್ನೂ ಲೋಕದ ರೂಢಿಯಾಗದ ಕಣ್ಣುಗಳ ಕಪ್ಪು, ಇದೀಗ ಎದೆಹಾಲು ಕುಡಿದು ಮುಗಿಸಿದಂಥ ತುಟಿಯ ಸಡಿಲ, ಎಲ್ಲವೂ ಆ ಒರಟು ಚೌಕಗಳ ನಡುವಿನಿಂದ ತಾವಾಗಿ ಎದ್ದು ಬರುತ್ತವೆ. ಇಷ್ಟು ಕಡಿಮೆಯಲ್ಲಿ ಒಂದು ಜೀವ ಹೇಗೆ ಹಿಡಿಸಿತು ಎಂದು ನಾನು ಅದರ ಮುಂದೆ ಬಹಳ ಹೊತ್ತು ಸುಮ್ಮನಾಗುತ್ತೇನೆ.

ಚಿತ್ರವನ್ನು ಕಿರಿದು ಮಾಡುವುದು ಈಗ ಯಾರೂ ಗಮನಿಸದ ಕೆಲಸ. ಅರ್ಜಿಗೆ ಲಗತ್ತಿಸಬೇಕು, ಐವತ್ತು ಕೆಬಿ ದಾಟಬಾರದು, ಒಂದೆರಡು ಅಂಕಿ ಒತ್ತಿದರೆ ಮುಗಿಯಿತು. ಆ ಕ್ಷಣಾರ್ಧದಲ್ಲಿ ಒಳಗೆ ನಡೆಯುವುದನ್ನು ನೆನೆಯಿರಿ. ಮಳೆಗಾಲದ ಅಡಿಕೆ ತೋಟದ ಒಂದು ಫೋಟೋ, 4000 ಪಿಕ್ಸೆಲ್ ಅಗಲ, 3000 ಎತ್ತರ. ಅದನ್ನು 400ಕ್ಕೆ 300 ಮಾಡಿದರೆ ಹಳೆಯ ನೂರು ಪಿಕ್ಸೆಲುಗಳ ಜಾಗದಲ್ಲಿ ಹೊಸದೊಂದು ಬಂದು ಕೂರುತ್ತದೆ. ಸೋಗೆಯ ತುದಿಯಲ್ಲಿ ಬೀಳಲೋ ಬೇಡವೋ ಎಂದು ನಿಂತ ಹನಿ, ಮರದ ಮೈಗೆ ಹತ್ತಿದ ಬಿಳಿಯ ಬೂಷ್ಟು, ಜೇಡ ರಾತ್ರಿಯಿಡೀ ನೇಯ್ದ ಎಳೆ, ಇವೆಲ್ಲ ಕರಗಿ ಒಂದೇ ಒಂದು ಹಸಿರಾಗುತ್ತವೆ. ಅದರಲ್ಲಿ ಹನಿ ಹನಿಯಾಗಿ ಕಾಣುವುದಿಲ್ಲ, ಆದರೆ ಹನಿ ಇಲ್ಲದಿದ್ದರೆ ಆ ಹಸಿರು ಕೂದಲೆಳೆಯಷ್ಟು ಬೇರೆಯೇ ಇರುತ್ತಿತ್ತು. ಹಾಗೆ ಕರಗಿಸದೆ, ನೂರರಲ್ಲಿ ಒಂದನ್ನು ಹೆಕ್ಕಿ ಮಿಕ್ಕದ್ದನ್ನು ಎಸೆದು ನೋಡಿ: ಸಣ್ಣ ಚೌಕಳಿಯ ಇಳಕಲ್ ಸೀರೆಯ ಮೇಲೆ ನೇಕಾರ ಕನಸಿನಲ್ಲೂ ಕಾಣದ ಅಲೆಗಳು ಏಳುತ್ತವೆ. ಅದಕ್ಕೇ ಒಳ್ಳೆಯ ಸಾಫ್ಟ್‌ವೇರು ಕಿರಿದು ಮಾಡುವ ಮೊದಲು ಚಿತ್ರವನ್ನು ಒಂದಿಷ್ಟು ಮೆದುವಾಗಿಸುತ್ತದೆ, ಅಂಚುಗಳ ಹಟ ಬಿಡಿಸುತ್ತದೆ.

1990ರ ಫೆಬ್ರುವರಿ 14ರಂದು ವಾಯೇಜರ್-1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ಆಚೆಯಿಂದ ತಿರುಗಿ ತೆಗೆದ ಚಿತ್ರದಲ್ಲಿ ಭೂಮಿಗೆ ಸಿಕ್ಕ ಜಾಗ ಒಂದು ಇಡೀ ಪಿಕ್ಸೆಲ್ ಕೂಡ ಅಲ್ಲ, ಅದರ ಎಂಟನೆಯ ಒಂದು ಪಾಲು. ಅಷ್ಟರಲ್ಲೇ ಕಡಲುಗಳೆಲ್ಲ ಇದ್ದವು, ಶರಾವತಿ ಇತ್ತು, ಫೆಬ್ರುವರಿಯ ಮಾವಿನ ಹೂವಿತ್ತು. ನಮ್ಮಜ್ಜಿ ಆಗ ಬದುಕಿದ್ದಳು. ಆ ಮಸುಕು ನೀಲಿಯ ಬೆಳಕಿನಲ್ಲಿ, ಅಳೆಯಲಾಗದಷ್ಟು ಸಣ್ಣದಾಗಿ, ಅವಳೂ ಸೇರಿದ್ದಳು ಎಂದುಕೊಂಡಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಜ್ಜಿಯದೇ ಅಂತ ಒಂದು ಫೋಟೋ ಮನೆಯಲ್ಲಿ ಇರಲಿಲ್ಲ. ಮದುವೆಯೊಂದರ ಗ್ರೂಪ್ ಫೋಟೋದ ಎರಡನೇ ಸಾಲಿನಲ್ಲಿ, ಯಾರದೋ ಭುಜದ ಹಿಂದೆ ಅವಳಿದ್ದಳು. ಸ್ಟುಡಿಯೋದ ಹುಡುಗ ಅದನ್ನು ಸ್ಕ್ಯಾನ್ ಮಾಡಿ, ಅವಳ ಮುಖವನ್ನಷ್ಟೇ ಕತ್ತರಿಸಿ, ಹಿಗ್ಗಿಸುತ್ತ ಹೋದ. ಸೆರಗು ಹೋಯಿತು, ಕಿವಿ ಹೋಯಿತು, ಕೊನೆಗೆ ಮಾನಿಟರಿನ ತುಂಬ ಕಂದು ಚೌಕಗಳು, ನಡುವೆ ಒಂದೇ ಒಂದು ಬಿಳಿಯದು. ಅದು ಅವಳ ಮೂಗುತಿ. ಮದುವೆ ಚಪ್ಪರದ ಯಾವುದೋ ಸಂದಿನಿಂದ ಬಿದ್ದ ಬಿಸಿಲು ಆ ಹರಳಿಗೆ ತಾಗಿ ಕ್ಯಾಮೆರಾಕ್ಕೆ ಹಾರಿ, ಇಷ್ಟು ವರ್ಷ ಆಲ್ಬಮ್ಮಿನ ಕತ್ತಲಲ್ಲಿ ಕಾದಿತ್ತು.

ದೊಡ್ಡದು ಮಾಡುವುದೆಂದರೆ ಇಲ್ಲದ ಜಾಗಗಳನ್ನು ತುಂಬುವುದು. ಬೈಕ್ಯೂಬಿಕ್ ಎಂದು ಕರೆಯುವ ರೀತಿಯಲ್ಲಿ, ಖಾಲಿ ಬಿದ್ದ ಪ್ರತಿಯೊಂದು ಜಾಗವೂ ತನ್ನ ಬಣ್ಣ ಏನೆಂದು ಸುತ್ತಲಿನ ಹದಿನಾರು ಪಿಕ್ಸೆಲುಗಳನ್ನು ಕೇಳುತ್ತದೆ, ಹತ್ತಿರದವರ ಮಾತಿಗೆ ಹೆಚ್ಚು ತೂಕ, ದೂರದವರದಕ್ಕೆ ಕಡಿಮೆ. ಹುಡುಗ ಒಪ್ಪಿಗೆಯ ಗುಂಡಿ ಒತ್ತಿದ. ಚೌಕದೊಳಗೆ ಬಿಗಿದಿದ್ದ ಬಿಳಿ ಮೆಲ್ಲಗೆ ಅಂಚು ದಾಟಿ ಮೂಗಿನ ಹೊಳ್ಳೆಗೆ, ಅಲ್ಲಿಂದ ಕೆನ್ನೆಯ ಏರಿಗೆ ಹಬ್ಬಿತು. ಅವನು ಇನ್ನೂ ಚೆನ್ನಾಗಿ ಬರಲೆಂದು ಹೊಸ ಎಐ ಸೌಲಭ್ಯವೊಂದನ್ನೂ ಓಡಿಸಿದ. ರೆಪ್ಪೆಯ ಕೂದಲು, ತುಟಿಯ ಗೆರೆ, ನುಣುಪು ಹಣೆ ಎಲ್ಲ ಮೂಡಿದವು. "ಇವಳ್ಯಾರು?" ಎಂದರು ಜೊತೆಗಿದ್ದ ನನ್ನ ಸೋದರತ್ತೆ. ಅದನ್ನು ತೆಗೆಸಿದೆವು. ಅವಳ ಮುಖವನ್ನು ಕಂಡೇ ಇಲ್ಲದ ಜಾಣತನಕ್ಕಿಂತ ಅವಳ ಪಕ್ಕದಲ್ಲೇ ಇದ್ದ ಆ ಹದಿನಾರು ಪಿಕ್ಸೆಲುಗಳ ಮಸುಕು ಸಾಕ್ಷಿಯೇ ನನಗೆ ಹೆಚ್ಚು.

ಅತ್ತೆ ಕನ್ನಡಕ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದಾಗಿಸಿ ನೋಡುತ್ತಲೇ ಇದ್ದರು. 1973ರಲ್ಲಿ ಲಿಯಾನ್ ಹಾರ್ಮನ್ ಎಂಬ ವಿಜ್ಞಾನಿ ಲಿಂಕನ್ನರ ಮುಖವನ್ನು ಕೆಲವೇ ದಪ್ಪ ಚೌಕಗಳಿಗೆ ಇಳಿಸಿ ಪ್ರಕಟಿಸಿದ್ದರು. ನೆಟ್ಟು ನೋಡಿದರೆ ಬರೀ ಚೌಕ, ಕಣ್ಣು ಅರೆ ಮುಚ್ಚಿದರೆ ಲಿಂಕನ್. ಚೌಕಗಳ ಚೂಪಾದ ಅಂಚುಗಳೇ ಮುಖವನ್ನು ಮರೆಮಾಡಿರುತ್ತವೆ, ಅರೆಗಣ್ಣು ಅವನ್ನು ಕರಗಿಸುತ್ತದೆ. ಅತ್ತೆಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹುಡುಗ ರೆಸಲ್ಯೂಷನ್ನಿನ ಅಂಕಿಯನ್ನು 300ರಿಂದ 150ಕ್ಕೆ ಇಳಿಸಿ ತೋರಿಸಿದ. ಒಂದು ಪಿಕ್ಸೆಲೂ ಕದಲಲಿಲ್ಲ. ಇಂಚಿಗೆ ಎಷ್ಟು ಒತ್ತಾಗಿ ಕೂರಬೇಕೆಂಬುದು ಮಾತ್ರ ಬದಲಾಗಿ, ಅಂಗೈಯಗಲದ ಅಜ್ಜಿ ಉದ್ದಕ್ಕೂ ಅಗಲಕ್ಕೂ ಎರಡು ಪಟ್ಟಾದಳು. "ಹನ್ನೆರಡು ಹದಿನೆಂಟಕ್ಕೆ ಹೋದ್ರೆ ಪಿಕ್ಸೆಲ್ ಒಡೆಯುತ್ತೆ ಅಮ್ಮಾ," ಎಂದ.

"ಒಡೀಲಿ ಬಿಡಪ್ಪಾ, ನಾವು ನಡುಮನೇಲಿ ಕೂತು ದೂರದಿಂದ ತಾನೇ ನೋಡೋದು," ಎಂದು ಅತ್ತೆ ದೊಡ್ಡ ಸೈಜಿಗೇ ಆರ್ಡರ್ ಕೊಟ್ಟರು.